ಹಕ್ಕಲಾಯುವವರ ಚಿತ್ರ

ಅನ್ಯರ ದುಡಿಮೆಯನ್ನು ನೋಡಿ ಆನಂದಿಸುವುದು ಯುಕ್ತವೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ಉಳುವವನನ್ನೂ ಬಿತ್ತುವವನನ್ನೂ ಕಂಡು ಸಂತೋಷಪಡದವರಾರು? ಕವಿಗಳು ಅವನನ್ನು ಹಾಡಿದ್ದಾರೆ; ಚಿತ್ರಕಾರರು ಬರೆದಿದ್ದಾರೆ; ಸಭೆಗಳಲ್ಲಿ ಭಾಷಣಕಾರರು ಅವನಿಗೆ ಕೈಮುಗಿದಿದ್ದಾರೆ. ಆದರೆ ಬಿಸಿಲಿನಲ್ಲಿ ಬಗ್ಗಿದವನ ಬೆನ್ನು ನೆರಳಿನಲ್ಲಿ ಕುಳಿತವನಿಗೆ ಸೌಂದರ್ಯವಾಗಿ ಕಾಣುವುದಾದರೆ, ಆ ಸೌಂದರ್ಯದಲ್ಲಿ ಎಲ್ಲಿಯೋ ಒಂದು ಲೆಕ್ಕ ತಪ್ಪಿರಬೇಕೆಂಬ ಸಂಶಯವು ವಿಚಾರವಂತನಿಗೆ ಬಾರದಿರದು. ಈ ಸಂಶಯವನ್ನು ಬರಿಯ ಮಾತಿನಲ್ಲಿ ಬಿಡಿಸುವುದಕ್ಕಿಂತ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಬಿಡಿಸುವುದು ಮೇಲು. ಫ್ರಾನ್ಸ್ ದೇಶದ ಜಾಂ ಫ್ರಾಂಸ್ವಾ ಮಿಲೆ ಎಂಬ ಚಿತ್ರಕಾರನು 1857ರಲ್ಲಿ ಪ್ರದರ್ಶನಕ್ಕಿಟ್ಟ ತೈಲವರ್ಣದ ಚಿತ್ರವದು. ಪ್ಯಾರಿಸ್ಸಿನ ಒರ್ಸೇ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಅದರ ಹೆಸರಿಗೆ ತಕ್ಕ ಮಾತನ್ನು ನಾವು ಹೊಸದಾಗಿ ಕಟ್ಟಬೇಕಾಗಿಲ್ಲ. ನಮ್ಮ ಒಕ್ಕಲುತನದಲ್ಲಿಯೇ ಅದು ಇದೆ. ಕೊಯ್ಲು ಮುಗಿದ ಹೊಲದಲ್ಲಿ ಉದುರಿ ಉಳಿದ ತೆನೆಗಳು ಹಕ್ಕಲು. ಅವನ್ನು ಒಂದೊಂದಾಗಿ ಹೆಕ್ಕಿಕೊಳ್ಳುವುದು ಹಕ್ಕಲಾಯುವುದು. ಮಿಲೆಯು ತನ್ನ ಚಿತ್ರಕ್ಕೆ ಕೊಟ್ಟ ಹೆಸರು ‘ಹಕ್ಕಲಾಯುವ ಕೆಲವು ಹೆಂಗಸರು’ ಎಂಬಷ್ಟೇ ಅರ್ಥದ್ದು. ಇಂಥವರೇ ಎಂದು ಅದು ಬೆರಳು ಮಾಡುವುದಿಲ್ಲ. ಯಾರಾದರೂ ಆಗಬಹುದು.

ಚಿತ್ರವೇನೂ ಗೋಡೆ ತುಂಬುವಷ್ಟು ದೊಡ್ಡದಲ್ಲ. ಅಗಲ ಸುಮಾರು 110 ಸೆಂಟಿಮೀಟರು, ಎತ್ತರ 83. ಮುಂಭಾಗದಲ್ಲಿ ಗೋದಿಯ ಕೂಳೆ ನಿಂತ ಹೊಲ. ಅಲ್ಲಿ ಮೂವರು ಹೆಂಗಸರು. ಇಬ್ಬರು ಸೊಂಟ ಮುರಿದಂತೆ ಬಾಗಿ ಕೈಯನ್ನು ನೆಲಕ್ಕೆ ಚಾಚಿದ್ದಾರೆ; ಒಬ್ಬಳ ತಲೆಗೆ ನೀಲಿಯ ವಸ್ತ್ರ, ಇನ್ನೊಬ್ಬಳ ತಲೆಗೆ ಕೆಂಪು. ನೀಲಿಯ ವಸ್ತ್ರದವಳು ಒಂದು ಕೈಯನ್ನು ಬೆನ್ನ ಹಿಂದೆ ಮಡಚಿಕೊಂಡಿದ್ದಾಳೆ. ದಿನವೆಲ್ಲ ಬಾಗಿ ದುಡಿದವರು ನೋವನ್ನು ತಡೆಯಲು ಹಾಗೆ ಕೈಯನ್ನು ಹಿಂದಿಡುವುದನ್ನು ನಾಟಿಯ ಕಾಲದಲ್ಲಿ, ಕಳೆ ತೆಗೆಯುವ ಕಾಲದಲ್ಲಿ ನಮ್ಮ ಹೊಲಗದ್ದೆಗಳಲ್ಲಿಯೂ ಕಾಣಬಹುದು. ಮೂರನೆಯವಳು ಅರ್ಧ ನಿಂತಿದ್ದಾಳೆ. ಆಕೆ ಬಾಗಲಿರುವಳೋ, ಬಾಗಿ ಈಗ ತಾನೇ ಏಳುತ್ತಿರುವಳೋ ಹೇಳುವುದು ಕಷ್ಟ. ಮುಂದೆ ಕಟ್ಟಿಕೊಂಡ ಬಟ್ಟೆಯನ್ನೇ ಉಡಿಯಂತೆ ಮಡಚಿ ತೆನೆಗಳನ್ನು ಹಾಕಿಕೊಳ್ಳುವ ಏರ್ಪಾಡು. ಮುಖಗಳು ನೆರಳಿನಲ್ಲಿವೆ, ಯಾರೂ ನಮ್ಮ ಕಡೆಗೆ ನೋಡುವುದಿಲ್ಲ.

ಇವರ ಹಿಂದೆ, ಬಹುದೂರದಲ್ಲಿ, ಹೊಂಬಿಸಿಲು ಬಿದ್ದ ಬಯಲಿನಲ್ಲಿ ಬೇರೊಂದು ಲೋಕವೇ ಇದೆ. ಮನೆಯೆತ್ತರದ ಬಣವೆಗಳು, ತುಂಬಿದ ಬಂಡಿ, ಸಿವುಡು ಕಟ್ಟುತ್ತಿರುವ ಜನಗಳ ಗುಂಪು. ಬಲಗಡೆಯ ಅಂಚಿನಲ್ಲಿ, ಕಣ್ಣಿಟ್ಟು ಹುಡುಕಿದರೆ ಮಾತ್ರ ಸಿಕ್ಕುವಷ್ಟು ಚಿಕ್ಕದಾಗಿ, ಕುದುರೆಯ ಮೇಲೆ ಕುಳಿತ ಒಬ್ಬ ಪಾರುಪತ್ಯಗಾರ. ಚಿತ್ರದೊಳಗೆ ಬೇರೇನೂ ನಡೆಯುವುದಿಲ್ಲ. ಆದರೂ ಮುಂದಿನ ಮೂವರಿಗೂ ಹಿಂದಿನ ಬಣವೆಗಳಿಗೂ ನಡುವೆ ಬಿದ್ದಿರುವ ಆ ಬರಿಯ ನೆಲವೇ ಚಿತ್ರದ ವಸ್ತುವೆಂದು ನನ್ನ ಮತ. ಅಷ್ಟು ಸಮೃದ್ಧಿಯು ಕಣ್ಣಿಗೆ ಕಾಣುವಷ್ಟು ಹತ್ತಿರ, ಕೈಗೆ ಸಿಕ್ಕದಷ್ಟು ದೂರ.

ಹಕ್ಕಲಾಯುವುದು ಆ ದೇಶದಲ್ಲಿ ಕಳವಾಗಿರಲಿಲ್ಲ, ಪೂರ್ಣವಾದ ದಾನವೂ ಆಗಿರಲಿಲ್ಲ. ಅದು ಬಡವರ ಹಕ್ಕು. 1554ರಲ್ಲಿ ಎರಡನೆಯ ಆಂರಿ ದೊರೆಯ ಆಳ್ವಿಕೆಯಲ್ಲಿ ಹೊರಟ ಶಾಸನವು ವೃದ್ಧರಿಗೂ ಅಂಗಹೀನರಿಗೂ ಎಳೆಯ ಮಕ್ಕಳಿಗೂ ಕೊಯ್ಲಾದ ಹೊಲದಲ್ಲಿ ಉಳಿದ ತೆನೆಯನ್ನು ಆಯುವ ಅವಕಾಶವನ್ನು ಕೊಟ್ಟಿತ್ತು. ಹಕ್ಕಿನ ಜೊತೆಗೇ ಬೇಲಿಯೂ ಬಂದಿತು. 1810ರ ದಂಡಸಂಹಿತೆಯ ಪ್ರಕಾರ, ಪೈರನ್ನು ಪೂರ್ತಿಯಾಗಿ ಸಾಗಿಸದ ಹೊಲಕ್ಕೆ ಇಳಿದವರೂ, ಸೂರ್ಯೋದಯಕ್ಕೆ ಮೊದಲು ಅಥವಾ ಸೂರ್ಯಾಸ್ತದ ತರುವಾಯ ಆಯ್ದವರೂ ಜುಲ್ಮಾನೆಗೆ ಗುರಿಯಾಗುತ್ತಿದ್ದರು. ಹೊತ್ತು ಮೂಡಿದ ಮೇಲೆ ಬಾ, ಹೊತ್ತು ಮುಳುಗುವುದರೊಳಗೆ ಹೋಗು, ನಮ್ಮದೆಲ್ಲ ನಾವು ಒಯ್ದ ಮೇಲೆ ಮಿಕ್ಕದ್ದು ನಿನ್ನದು ಎಂಬುದು ಇದರ ತಾತ್ಪರ್ಯ. ಕುದುರೆಯ ಮೇಲಿನವನು ಏತಕ್ಕೆ ಅಲ್ಲಿದ್ದಾನೆಂಬುದು ಇದರಿಂದ ತಿಳಿಯುತ್ತದೆ. ಅವನು ಯಾರನ್ನೂ ಹೊಡೆಯುವುದಿಲ್ಲ, ಗದರಿಸುವುದೂ ಇಲ್ಲ. ಸುಮ್ಮನೆ ಇದ್ದಾನೆ, ಇದ್ದರೆ ಸಾಕು.

ಈ ಪದ್ಧತಿಯು ಫ್ರೆಂಚರಿಗಿಂತ ಬಹಳ ಹಳೆಯದು. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಉದುರಿದ್ದನ್ನು ಬಡವನಿಗೂ ಪರದೇಶಿಗೂ ಬಿಡಬೇಕು ಎಂಬ ವಿಧಿಯು ಯೆಹೂದ್ಯರ ಧರ್ಮಗ್ರಂಥದಲ್ಲಿದೆ. ಅದೇ ಗ್ರಂಥದಲ್ಲಿ ರೂತಳೆಂಬ ವಿಧವೆಯ ಕಥೆಯೂ ಇದೆ. ಆಕೆ ಪರದೇಶದವಳು, ಅತ್ತೆಯನ್ನು ಸಾಕಲು ಬೋವಜನೆಂಬ ಒಡೆಯನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಅವನು ಆಕೆಯ ಗುಣಕ್ಕೆ ಮೆಚ್ಚಿ, ಬೇಕೆಂದೇ ಕೆಲವು ತೆನೆಗಳನ್ನು ಸಿವುಡಿನಿಂದ ಕೆಳಗೆ ಬಿಡಿರೆಂದು ಆಳುಗಳಿಗೆ ಹೇಳುತ್ತಾನೆ. ಕೊನೆಗೆ ಆಕೆಯ ಕೈಹಿಡಿಯುತ್ತಾನೆ. ಮಿಲೆಯು ಮೊದಲು ಈ ಕಥೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಒಂದು ಚಿತ್ರವನ್ನು ಬರೆದಿದ್ದನು. ಕೊಯ್ಲಿನವರು ಊಟಕ್ಕೆ ಕುಳಿತಿದ್ದಾರೆ. ಒಡೆಯನು ಹಕ್ಕಲಾಯುವವಳನ್ನು ಅವರ ಬಳಿಗೆ ಕರೆತರುತ್ತಿದ್ದಾನೆ. 1853ರ ಸಲೋನ್ ಎಂಬ ಸರ್ಕಾರೀ ಚಿತ್ರಪ್ರದರ್ಶನದಲ್ಲಿ ಅದಕ್ಕೆ ಎರಡನೆಯ ದರ್ಜೆಯ ಪದಕವು ದೊರೆಯಿತು. ನಾಲ್ಕು ವರುಷಗಳ ತರುವಾಯ ಅದೇ ಪ್ರದರ್ಶನದಲ್ಲಿ ಈ ಮೂವರು ಹೆಂಗಸರನ್ನು ತೂಗುಹಾಕಿದಾಗ ವಿಮರ್ಶಕರಲ್ಲಿ ಹಲವರು ಉರಿದೆದ್ದರು.

ಏಕೆ? ವಸ್ತು ಅದೇ, ಕೈ ಅದೇ. ವ್ಯತ್ಯಾಸವಿರುವುದು ಒಡೆಯನ ಸ್ಥಾನದಲ್ಲಿ. ಮೊದಲನೆಯ ಚಿತ್ರದಲ್ಲಿ ಒಡೆಯನು ಇದ್ದಾನೆ, ದಯಾಳುವಾಗಿದ್ದಾನೆ. ನೋಡುವ ಶ್ರೀಮಂತನು ಮನಸ್ಸಿನಲ್ಲಿ ಅವನ ಜಾಗದಲ್ಲಿ ನಿಂತುಕೊಂಡು, ತಾನೂ ಹೀಗೆಯೇ ಮಾಡುತ್ತಿದ್ದೆನೆಂದು ತೃಪ್ತಿಪಡಬಹುದು. ಎರಡನೆಯದರಲ್ಲಿ ಆ ಜಾಗವೇ ಇಲ್ಲ. ನೋಡುವವನು ಕೂಳೆಯ ನೆಲದಲ್ಲಿ, ಹೆಂಗಸರ ಪಕ್ಕದಲ್ಲಿ, ಬಣವೆಗಳಿಗೆ ದೂರವಾಗಿ ನಿಲ್ಲಬೇಕಾಗುತ್ತದೆ. ಅಲ್ಲಿಂದ ನೋಡಿದರೆ ಒಡೆತನವು ಕುದುರೆಯ ಮೇಲಿನ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. 1848ರ ಕ್ರಾಂತಿಯ ನೆನಪು ಮಾಸದ ಪಟ್ಟಣವಾಸಿಗಳಿಗೆ ಇದು ಸಹನೆಯಾಗಲಿಲ್ಲ. ಒಬ್ಬ ವಿಮರ್ಶಕನಿಗೆ ಈ ಹೆಂಗಸರ ಬೆನ್ನ ಹಿಂದೆ 1793ರ ಈಟಿಗಳೂ ವಧಸ್ಥಂಭಗಳೂ ಕಂಡುವಂತೆ! ಮೂರು ಮುಷ್ಟಿ ಗೋದಿಯನ್ನು ಆಯುತ್ತಿರುವವರಿಗೆ ಇಷ್ಟು ಹೆದರಿದವನ ಅಂತರಂಗದಲ್ಲಿ ಯಾವ ಸಾಲದ ನೆನಪಿತ್ತೋ ಏನೋ.

ರೂತಳ ಕಥೆಯನ್ನು ಓದಿದಾಗ ನಮ್ಮವರಿಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ನೆನಪಾಗದಿರದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು, ತಂದನು. ಬಸವಣ್ಣನವರೇ ಬೇಕೆಂದು ಹೆಚ್ಚಾಗಿ ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಬೇಕೆಂದು ಚೆಲ್ಲುವ ಒಡೆಯರು ಎರಡೂ ಕಥೆಗಳಲ್ಲಿದ್ದಾರೆ. ಮುಂದಿನ ನಡೆ ಮಾತ್ರ ಬೇರೆ. ರೂತಳು ಕೃಪೆಯೆಂದು ತೆಗೆದುಕೊಂಡಳು, ಲಕ್ಕಮ್ಮನು ಲೆಕ್ಕ ಕೇಳಿದಳು. ಇಷ್ಟೇ ಸಾಕೆಂಬ ಮಾತನ್ನು ಆಯುವವಳೇ ಹೇಳಿದಳೆಂಬುದು ಇಲ್ಲಿ ಮುಖ್ಯ. ಆ ಮಾತನ್ನು ಆಯುವವಳು ಹೇಳಿದರೆ ಅದು ಸ್ವಾತಂತ್ರ್ಯ. ಕುದುರೆಯ ಮೇಲಿನವನು ಹೇಳಿದರೆ ಅದು ಹೊಟ್ಟೆಗೆ ಹಾಕಿದ ಬೀಗ. ಮಿಲೆಯ ಹೊಲದಲ್ಲಿ ಅಳತೆಯು ಆ ಹೆಂಗಸರ ಕೈಯಲ್ಲಿಲ್ಲ. ಆದುದರಿಂದ ಲಕ್ಕಮ್ಮನ ಕಥೆಯನ್ನು ತೋರಿಸಿ, ಬಡವರೇ, ನೀವೂ ಹೀಗೆ ಅಲ್ಪತೃಪ್ತರಾಗಿರಿ ಎಂದು ಉಪದೇಶಿಸುವವರು ಆ ತಾಯಿಗೆ ಅನ್ಯಾಯ ಮಾಡುತ್ತಾರೆ. ಆಕೆ ಬುದ್ಧಿ ಹೇಳಿದ್ದು ತನ್ನ ಮನೆಗೆ, ಊರಿನ ಬಡವರಿಗಲ್ಲ.

ಚಿತ್ರಕಾರನ ವಿಷಯವನ್ನು ಸ್ವಲ್ಪ ಹೇಳಬೇಕು. ಮಿಲೆಯು 1814ರಲ್ಲಿ ನಾರ್ಮಂಡಿಯ ಕಡಲ ತೀರದ ಗ್ರುಶಿ ಎಂಬ ಹಳ್ಳಿಯಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದವನು. ಯೌವನದವರೆಗೆ ತಂದೆಯ ಹೊಲದಲ್ಲಿ ದುಡಿದವನು. 1837ರಲ್ಲಿ ವಿದ್ಯೆಗಾಗಿ ಪ್ಯಾರಿಸ್ಸಿಗೆ ಹೋಗಿ, 1849ರಲ್ಲಿ ಫೋಂಟೆನ್‌ಬ್ಲೋ ಅರಣ್ಯದ ಅಂಚಿನ ಬಾರ್ಬಿಝೋನ್ ಎಂಬ ಹಳ್ಳಿಯಲ್ಲಿ ನೆಲಸಿ, 1875ರಲ್ಲಿ ಅಲ್ಲಿಯೇ ತೀರಿಕೊಂಡನು. ಜನರು ತನ್ನನ್ನು ಸಮಾಜವಾದಿಯೆಂದು ಎಣಿಸಿದರೂ ಸರಿಯೆ, ಕಲೆಯಲ್ಲಿ ತನ್ನನ್ನು ಹೆಚ್ಚಾಗಿ ತಟ್ಟುವುದು ಮನುಷ್ಯನೇ ಎಂಬರ್ಥದ ಮಾತನ್ನು 1851ರಲ್ಲಿ ತನ್ನ ಮಿತ್ರ ಸಾನ್ಸಿಯೆಗೆ ಬರೆದಿದ್ದನು. ಪಕ್ಷದ ಮಾತು ಅವನಿಗೆ ಬೇಡವಾಗಿತ್ತು. ಒಕ್ಕಲಿಗನ ಮಗನೆಂಬುದರಿಂದ ಅವನ ಕಣ್ಣು ಶುದ್ಧವೆಂದು ಕೆಲವರು ವಾದಿಸುವರು. ಹೊಲವನ್ನು ಬಿಟ್ಟು ಬಂದ ಮೇಲೆ ಹೊಲವು ನೆನಪಿನಲ್ಲಿ ಚೆಲುವಾಗುವುದೂ ಉಂಟಷ್ಟೆ. ಹುಟ್ಟಿನಿಂದ ಇದನ್ನು ತೀರ್ಮಾನಿಸಲಾಗದು, ಚಿತ್ರದಿಂದಲೇ ತೀರ್ಮಾನಿಸಬೇಕು.

ವಿರುದ್ಧವಾದ ಆಕ್ಷೇಪವನ್ನು ಎತ್ತಿದವನು ಸಾಮಾನ್ಯನಲ್ಲ, ಬೋದಿಲೇರ್ ಎಂಬ ಕವಿ. 1859ರಲ್ಲಿ ಅವನು ಬರೆದುದರ ಸಾರಾಂಶವಿದು: ಮಿಲೆಯ ರೈತರು ತಮ್ಮನ್ನು ತಾವೇ ಬಹಳವಾಗಿ ಎಣಿಸಿಕೊಂಡ ಪಂಡಿತಂಮನ್ಯರು; ಬಿತ್ತಲಿ, ಕೊಯ್ಯಲಿ, ದನ ಮೇಯಿಸಲಿ, ಲೋಕದ ವಂಚಿತರು ನಾವೇ ಎಂದು ಸಾರುತ್ತಲೇ ಇರುತ್ತಾರೆ. ಈ ಮಾತನ್ನು ಹಾಗೆಯೇ ತಳ್ಳಿಬಿಡಲಾಗದು. ದೈನ್ಯವನ್ನು ಪೀಠದ ಮೇಲೆ ನಿಲ್ಲಿಸಿ ಪೂಜಿಸುವುದು ದೀನರಿಗೆ ಮಾಡುವ ಉಪಕಾರವಲ್ಲ. ಈ ಚಿತ್ರದಲ್ಲಿಯೂ ಹೆಂಗಸರು ಕಲ್ಲಿನಲ್ಲಿ ಕಡೆದಂತೆ ಭಾರವಾಗಿದ್ದಾರೆ. ಅವರ ನಡುವೆ ಮಾತಿಲ್ಲ. ಮೂವರು ಹೆಂಗಸರು ಒಂದು ಹೊಲದಲ್ಲಿ ಮಾತಿಲ್ಲದೆ ಹಕ್ಕಲಾಯುವುದುಂಟೇ? ಸೊಸೆಯ ಸುದ್ದಿ, ಸಂತೆಯ ಸುದ್ದಿ, ನಗೆ, ಜಗಳ, ಇವೆಲ್ಲವನ್ನೂ ಚಿತ್ರಕಾರನು ತೆಗೆದುಹಾಕಿದ್ದಾನೆ. ಗಾಂಭೀರ್ಯವು ಬಂದಿತು, ಜೀವನದ ಒಂದು ಪಾಲು ಹೋಯಿತು. ಆದರೆ ಸಾರುತ್ತಾರೆಂಬ ದೂರು ಮಾತ್ರ ಇವರಿಗೆ ತಗಲದು. ಸಾರುವವನು ಎದುರಿಗಿರುವವರ ಮುಖವನ್ನು ನೋಡುತ್ತಾನೆ. ಇವರ ಕಣ್ಣು ಕೂಳೆಯ ನಡುವಿನ ತೆನೆಯ ಮೇಲಿದೆ. ನಾವು ಬಂದು ನಿಂತದ್ದೇ ಅವರಿಗೆ ತಿಳಿಯದು. ನಮ್ಮ ಕರುಣೆಯನ್ನು ಬೇಡದ ಬಡವರನ್ನು ನೋಡಿ ನಮಗೆ ಮುಜುಗರವಾಗುತ್ತದೆ. ಕರುಣೆಯನ್ನು ಬೇಡಿದ್ದರೆ ನಾಲ್ಕು ಕಾಸು ಕೊಟ್ಟು ಮುಂದೆ ಹೋಗುತ್ತಿದ್ದೆವು.

ಇದೇ ಮಿಲೆಯು 1857 ಮತ್ತು 1859ರ ನಡುವೆ ಬರೆದ ಇನ್ನೊಂದು ಚಿತ್ರವು ಇದಕ್ಕಿಂತ ಹೆಚ್ಚು ಜನಪ್ರಿಯವಾಯಿತು. ಆಲೂಗೆಡ್ಡೆಯ ಹೊಲದಲ್ಲಿ ಸಂಜೆಯ ಗಂಟೆ ಕೇಳಿ, ಗಂಡನೂ ಹೆಂಡತಿಯೂ ಕೆಲಸ ನಿಲ್ಲಿಸಿ ತಲೆಬಾಗಿ ಪ್ರಾರ್ಥಿಸುತ್ತಿರುವ ‘ಆಂಜಲೂಸ್’ ಎಂಬ ಚಿತ್ರವದು. ಗಂಟೆಯ ಸದ್ದಿಗೆ ತನ್ನ ಅಜ್ಜಿಯು ಹೊಲದಲ್ಲಿ ಕೆಲಸವನ್ನು ನಿಲ್ಲಿಸುತ್ತಿದ್ದ ನೆನಪಿನಿಂದ ಅದು ಹುಟ್ಟಿತೆಂದು ಅವನೇ ಹೇಳಿದ್ದನು. ನಿರ್ಮಲವಾದ ಚಿತ್ರ, ಸಂದೇಹವಿಲ್ಲ. ಅದರ ಅಚ್ಚುಪ್ರತಿಗಳು ಅಸಂಖ್ಯ ಮನೆಗಳ ಗೋಡೆಯನ್ನು ಸೇರಿದವು. ಅಷ್ಟು ಮಂದಿಗೆ ಅದು ಮೆಚ್ಚಿಕೆಯಾದುದಕ್ಕೆ ಭಕ್ತಿಯೊಂದೇ ಕಾರಣವೆಂದು ನಾನು ನಂಬಲಾರೆ. ಪ್ರಾರ್ಥಿಸುತ್ತಿರುವ ಬಡವನು ತನ್ನ ಪಾಲನ್ನು ದೇವರಿಂದ ಕೇಳುತ್ತಿದ್ದಾನೆ, ನಮ್ಮಿಂದ ಕೇಳುತ್ತಿಲ್ಲ. ಉಳ್ಳವರ ಮನೆಯ ಗೋಡೆಗೆ ಅದಕ್ಕಿಂತ ನಿರುಪದ್ರವಿಯಾದ ಅಲಂಕಾರವಿಲ್ಲ. ಭಕ್ತಿಯ ದೋಷವಲ್ಲ ಇದು, ಭಕ್ತಿಯನ್ನು ದೂರದಿಂದ ನೋಡಿ ಮೆಚ್ಚುವವರ ದೋಷ. ಎರಡು ಚಿತ್ರಗಳಲ್ಲಿ ಒಂದನ್ನು ಆರಿಸಬೇಕಾದರೆ ನಾನು ಹಕ್ಕಲಾಯುವವರನ್ನೇ ಆರಿಸುವೆನು. ಅಲ್ಲಿ ಕೇಳಬೇಕಾದ ಪ್ರಶ್ನೆಯು ಇನ್ನೂ ತೆರೆದೇ ಇದೆ.

ಹಣದ ಕಥೆಯನ್ನೂ ನೋಡಬೇಕು. ಹಕ್ಕಲಾಯುವವರ ಚಿತ್ರಕ್ಕೆ ಮಿಲೆ ಕೇಳಿದ್ದು 4,000 ಫ್ರಾಂಕು. ಚೌಕಾಶಿಯಾಗಿ ಸಿಕ್ಕಿದ್ದು 3,000. 1889ರಲ್ಲಿ ಶಾಂಪೇನ್ ವ್ಯಾಪಾರದ ಮನೆತನದ ಪೊಮ್ಮೆರಿ ಎಂಬ ವಿಧವೆಯು ಅದನ್ನು 3,00,000 ಫ್ರಾಂಕಿಗೆ ಕೊಂಡಳು. ಮರುವರುಷ ಆಕೆ ತೀರಿಕೊಂಡಾಗ ಉಯಿಲಿನ ಮೇರೆಗೆ ಅದು ಲೂವ್ರ್ ಸಂಗ್ರಹಾಲಯವನ್ನು ಸೇರಿತು. ಅದೇ 1889ರಲ್ಲಿ ‘ಆಂಜಲೂಸ್’ 5,53,000 ಫ್ರಾಂಕಿಗೆ ಹರಾಜಾಯಿತು. ಚಿತ್ರಕಾರನು ತೀರಿಕೊಂಡು ಆಗಲೇ ಹದಿನಾಲ್ಕು ವರುಷ; ಮರುಮಾರಾಟದ ಲಾಭದಲ್ಲಿ ಅವನ ಮನೆಯವರಿಗೆ ಪಾಲು ಕೊಡಿಸುವ ಕಾನೂನು ಇರಲಿಲ್ಲ. ಕಲಾವಿದನಿಗೂ ಅವನ ವಾರಸುದಾರರಿಗೂ ಇಂಥ ಪಾಲು ಸಲ್ಲಬೇಕೆಂಬ ಕಾನೂನನ್ನು ಫ್ರಾನ್ಸ್ 1920ರಲ್ಲಿ ಮಾಡಿತು. ಒಳ್ಳೆಯ ಕಾನೂನೇ. ಆದರೆ ಒಂದು ಕ್ಷಣ ಯೋಚಿಸಬೇಕು: ಬಾಗಿದ ಬೆನ್ನಿನಿಂದ ಚಿತ್ರಕಾರನು ಒಂದು ಮುಷ್ಟಿ ಆಯ್ದನು, ವ್ಯಾಪಾರಿಯು ಸಿವುಡು ಕಟ್ಟಿದನು, ಕೊಂಡವರು ಬಣವೆ ಒಟ್ಟಿದರು. ಬೆನ್ನು ಯಾರದೋ ಅವರ ಪಾಲಿಗೆ ಹಕ್ಕಲೂ ಉಳಿಯಲಿಲ್ಲ. ಪ್ರೇಕ್ಷಕರಾದ ನಾವೂ ಈ ಸಾಲಿನ ಹೊರಗಿಲ್ಲ. ಚಿತ್ರವನ್ನು ನೋಡಿ, ಆಹಾ, ಶ್ರಮವೆಂಥ ಪವಿತ್ರವಾದುದು ಎಂದು ಉದ್ಗರಿಸಿ ಮನೆಗೆ ಹೋಗುವವನು ಆ ಹೆಂಗಸರಿಂದ ಒಂದಿಷ್ಟು ಸುಖವನ್ನು ಆಯ್ದುಕೊಂಡು ಹೋದಂತೆಯೇ. ಹಾಗಾದರೆ ನೋಡಲೇಬಾರದೇ? ಕಣ್ಣು ಮುಚ್ಚಿಕೊಂಡರೆ ಬೆನ್ನು ನೇರವಾಗುವುದಿಲ್ಲ. ನೋಡಬೇಕು, ನೋಡಿದ ಮೇಲೆ ಆ ಬೆನ್ನು ಏಕೆ ಬಾಗಿತು, ಯಾರ ಬಣವೆಗಾಗಿ ಬಾಗಿತು ಎಂದು ಕೇಳಬೇಕು. ಹಾಗೆ ಕೇಳದೆ ಶ್ರಮವನ್ನು ಹೊಗಳುವ ಹೊಗಳಿಕೆಯು ನನಗೆ ಕೂಲಿ ಕೊಡದೆ ಕೆಲಸ ಮಾಡಿಸಿಕೊಂಡಂತೆ ಕಾಣುತ್ತದೆ.

ದುಡಿಮೆಯು ದೊಡ್ಡದೆಂಬ ಮಾತನ್ನು ದುಡಿಯುವವನು ಆಡಿದಾಗ ಇರುವ ಅರ್ಥವು, ದುಡಿಸಿಕೊಳ್ಳುವವನು ಆಡಿದಾಗ ಇರುವುದಿಲ್ಲವೆಂಬುದನ್ನು ನಾವು ಆಗಾಗ ಮರೆಯುತ್ತೇವೆ. ಜೋಡೆತ್ತು, ನೇಗಿಲು, ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸು, ಹಿಂದೆ ಕೆಂಪು ಸೂರ್ಯ, ಹೀಗೆ ಬರೆದ ಪಂಚಾಂಗದ ಚಿತ್ರಗಳು ನಮ್ಮ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಎಷ್ಟಿಲ್ಲ? ಅವು ಸುಳ್ಳೆಂದು ಹೇಳಲಾರೆ. ಎತ್ತೂ ನಿಜ, ಬುತ್ತಿಯೂ ನಿಜ. ಆದರೆ ಮಿಲೆಯ ಚಿತ್ರದ ಅಚ್ಚುಪ್ರತಿ ಸಿಕ್ಕಿದವರು ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಬಲಗಡೆಯ ಆ ಕುದುರೆ ಸವಾರನನ್ನು ಬೆರಳಿನ ತುದಿಯಿಂದ ಮುಚ್ಚಬೇಕು. ಮುಚ್ಚಿದೊಡನೆ ಹಿಂದಿನ ಬಯಲು ಸುಗ್ಗಿಯ ಹಬ್ಬವಾಗುತ್ತದೆ. ಮುಂದಿನ ಮೂವರು ಆ ಹಬ್ಬಕ್ಕೆ ಸೇರಿದವರೇ ಆಗಿ, ಸ್ವಲ್ಪ ಹಿಂದೆ ಉಳಿದವರಂತೆ ಕಾಣುತ್ತಾರೆ. ಬೆರಳನ್ನು ತೆಗೆದರೆ ಆ ದೂರವು ಮತ್ತೆ ದೂರವಾಗುತ್ತದೆ. ಪಂಚಾಂಗದ ಚಿತ್ರಗಳಲ್ಲಿ ಆ ಸವಾರನನ್ನು ಬರೆಯುವ ರೂಢಿಯಿಲ್ಲ.

ಹಕ್ಕಲು ಈಗ ಮುಗಿದ ಕಥೆಯೆಂದು ಯಾರೂ ತಿಳಿಯಬಾರದು. ಕಟಾವು ಯಂತ್ರಗಳು ಬಂದ ಮೇಲೆ ತೆನೆ ಉದುರುವುದು ಕಡಿಮೆಯಾಗಿರಬಹುದು. ಮಿಕ್ಕದ್ದನ್ನು ಆಯುವವರು ಕಡಿಮೆಯಾಗಿಲ್ಲ. ಆನ್ಯೆಸ್ ವಾರ್ದಾ ಎಂಬಾಕೆ 2000ದಲ್ಲಿ ತೆಗೆದ ಚಲನಚಿತ್ರವೊಂದು ಮಿಲೆಯ ಈ ಚಿತ್ರದಿಂದಲೇ ಹೊರಟು, ಇಂದಿನ ಫ್ರಾನ್ಸಿನಲ್ಲಿ ಆಯ್ದು ತಿನ್ನುವವರನ್ನು ಹುಡುಕಿಕೊಂಡು ಹೋಗುತ್ತದೆ. ಗಾತ್ರ ಹೆಚ್ಚಾಯಿತು, ಆಕಾರ ಸರಿಯಿಲ್ಲ ಎಂದು ವ್ಯಾಪಾರಿಗಳು ರಾಶಿರಾಶಿಯಾಗಿ ಸುರಿದುಹೋದ ಆಲೂಗೆಡ್ಡೆಗಳನ್ನು ಜನರು ಅಲ್ಲಿ ಚೀಲಗಳಿಗೆ ತುಂಬಿಕೊಳ್ಳುತ್ತಾರೆ. 2016ರಲ್ಲಿ ಆ ದೇಶವು ಇನ್ನೊಂದು ಕಾನೂನನ್ನು ಮಾಡಿ, ದೊಡ್ಡ ಅಂಗಡಿಗಳವರು ಮಾರಾಟವಾಗದೆ ಉಳಿದ ಆಹಾರವನ್ನು ಕೆಡಿಸಬಾರದು, ಧರ್ಮಸಂಸ್ಥೆಗಳಿಗೆ ಕೊಡಬೇಕೆಂದು ವಿಧಿಸಿತು. ಚಲನಚಿತ್ರದಲ್ಲಿ ಕರಿಯ ನಿಲುವಂಗಿಯನ್ನು ತೊಟ್ಟ ನ್ಯಾಯವಾದಿಯೊಬ್ಬನು ಕಾನೂನಿನ ಪುಸ್ತಕವನ್ನು ಹಿಡಿದು ಹೊಲದ ನಡುವೆ ನಿಂತು, ಆಯುವುದು ಬಡವರ ಹಕ್ಕೆಂದು ವಿವರಿಸುತ್ತಾನೆ. ಅವನು ಹೇಳುವುದೆಲ್ಲ ಸರಿಯಾಗಿದೆ. ನೆಟ್ಟಗೆ ನಿಂತುಕೊಂಡು ಹೇಳುತ್ತಾನೆ.